ಮೈಕ್ರೋಸ್ಕೋಪ್ ಆಮೇಲೆ, ಮೊದಲು ರೇಟ್ ಶೀಟ್: ಜೀರ್ಣಾಂಗ ರೋಗ ಸಂಶೋಧನಾ ಕೇಂದ್ರಗಳ ಆಡಳಿತ ಕೋರ್ ಹೇಗಿದೆ?

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನ ಅಂಗಸಂಸ್ಥೆ, ಮಧುಮೇಹ, ಜೀರ್ಣಾಂಗ, ಮೂತ್ರಪಿಂಡ ರೋಗಗಳನ್ನು ನೋಡಿಕೊಳ್ಳುವ ಎನ್‌ಐಡಿಡಿಕೆ, ವಿಶ್ವವಿದ್ಯಾಲಯಗಳಲ್ಲಿರುವ ಜೀರ್ಣಾಂಗ ರೋಗ ಸಂಶೋಧನಾ ಕೇಂದ್ರಗಳಿಗೆ ಪಿ30 ಎಂಬ ಕೇಂದ್ರ ಅನುದಾನ ಕೊಡುತ್ತದೆ. ಈಗಾಗಲೇ ಆರ್‌01 ಥರದ (ಒಂದು ಸಂಶೋಧನಾ ಯೋಜನೆಗೆ ಸಿಗುವ) ಅನುದಾನ ಇರುವ ಲ್ಯಾಬ್‌ಗಳು ಹಂಚಿಕೊಂಡು ಬಳಸುವ ಕೋರ್‌ಗಳು, ಅಂದರೆ ಯಂತ್ರ ಮತ್ತು ಸೇವೆಗಳ ಘಟಕಗಳು, ಹೊಸಬರಿಗೆ ಪೈಲಟ್ ಹಣ (ಆರಂಭಿಕ ಪ್ರಯೋಗಕ್ಕೆ ಸಣ್ಣ ಅನುದಾನ), ಸೆಮಿನಾರುಗಳು: ದುಡ್ಡು ಹೋಗುವುದು ಇವಕ್ಕೆ. ಇದನ್ನೆಲ್ಲ ನಡೆಸುವುದು ಆಡಳಿತ ಕೋರ್. ಅಲ್ಲಿ ನಿರ್ದೇಶಕರು, ಸಹ ನಿರ್ದೇಶಕರು, ಮತ್ತು ನಿಜವಾದ ಹೊರೆ ಹೊರುವ ಒಬ್ಬ ಅಡ್ಮಿನಿಸ್ಟ್ರೇಟರ್ ಇರುತ್ತಾರೆ. ಸದಸ್ಯರು ಕಾನ್‌ಫೋಕಲ್ ಮೈಕ್ರೋಸ್ಕೋಪ್ ನೋಡಿ ಸೇರುತ್ತಾರೆ, ವರ್ಷ ತುಂಬುವಷ್ಟರಲ್ಲಿ ಬಿಲ್ ನೋಡಿ ಗೊಣಗುತ್ತಾರೆ.

ಯಂತ್ರ ಬಳಸಿದ ಗಂಟೆಗೆ ಇಷ್ಟೆಂದು ದರ ಬರೆದ ಪಟ್ಟಿಯೇ ರೇಟ್ ಶೀಟ್. ಬಿಲ್ ಯಾಕೆ ಏರುತ್ತದೆ ಎಂಬುದು ಸರಳ ಲೆಕ್ಕ. ಒಂದು ಯಂತ್ರದ ವಾರ್ಷಿಕ ಖರ್ಚು 1,20,000 ಡಾಲರ್ ಎಂದುಕೊಳ್ಳಿ. ವಾರಕ್ಕೆ 40 ಗಂಟೆಯಂತೆ 52 ವಾರ ಹಿಡಿದು 2,080ರಿಂದ ಭಾಗಿಸಿದರೆ ಗಂಟೆಗೆ ಸುಮಾರು 58 ಡಾಲರ್. ನೋಡಲು ಅಗ್ಗ. ಆದರೆ ಸರ್ವಿಸ್, ರಜೆ, ಖಾಲಿ ಸ್ಲಾಟುಗಳನ್ನೆಲ್ಲ ಕಳೆದು ಯಂತ್ರ ಓಡಿದ್ದು 1,200 ಗಂಟೆ ಮಾತ್ರ ಆಗಿದ್ದರೆ, ವರ್ಷದ ಕೊನೆಗೆ 50,000 ಡಾಲರಿನಷ್ಟು ಖೋತಾ. ಮರುವರ್ಷ ದರ ಒಮ್ಮೆಲೇ ಜಿಗಿಯುತ್ತದೆ, ಬಳಕೆದಾರರು ಬೇರೆ ಕಡೆ ಹೋಗುತ್ತಾರೆ, ಗಂಟೆಗಳು ಇನ್ನೂ ಇಳಿಯುತ್ತವೆ. ಹಿಂದಿನ ವರ್ಷ ನಿಜವಾಗಿ ಬಿಲ್ ಆದ ಗಂಟೆಗಳನ್ನೇ ಛೇದವಾಗಿ ಇಟ್ಟುಕೊಳ್ಳುವ ಕಚೇರಿಗೆ ಈ ಗೋಳಿಲ್ಲ. ಫೆಡರಲ್ ನಿಯಮದ ಪ್ರಕಾರ ದರವನ್ನು ಕನಿಷ್ಠ ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸಿ, ಹಳೆಯ ಖೋತಾ ಅಥವಾ ಉಳಿಕೆಯನ್ನು ಅದರಲ್ಲಿ ಸರಿದೂಗಿಸಬೇಕು. ಸದಸ್ಯರಿಗೆ ರಿಯಾಯಿತಿ ಕೊಡಬಹುದು, ಆದರೆ ಆ ಹಣ ಎಲ್ಲಿಂದ ಬಂತೆಂದು ಪುಸ್ತಕದಲ್ಲಿ ಕಾಣಬೇಕು. ಫೆಡರಲ್ ಅನುದಾನದಿಂದ ಪಾವತಿಸುವ ಇನ್ನೊಬ್ಬರ ಬಿಲ್ಲಿಗೆ ಅದನ್ನು ತುರುಕುವಂತಿಲ್ಲ.

ಸೇವೆ ಹೆಚ್ಚು ಎಡವುವುದು ಪ್ರಕಟಣೆಗಳ ವಿಷಯದಲ್ಲಿ. ಕೋರ್ ಬಳಸಿ ಬರೆದ ಪ್ರತಿ ಲೇಖನದಲ್ಲೂ ಪಿ30 ಸಂಖ್ಯೆ ಇರಬೇಕು, ಇಲ್ಲದಿದ್ದರೆ ನವೀಕರಣದ ಅರ್ಜಿಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಸಂಖ್ಯೆ ಹಾಕಿದ ಮೇಲೆ ಆ ಲೇಖನ ಪಬ್‌ಮೆಡ್ ಸೆಂಟ್ರಲ್ ಎಂಬ ಉಚಿತ ಲೇಖನ ಭಂಡಾರಕ್ಕೆ ಸೇರಿ, ಪಿಎಂಸಿಐಡಿ ಎಂಬ ಅಲ್ಲಿನ ಗುರುತು ಸಂಖ್ಯೆ ಪಡೆಯುವುದೂ ಕೇಂದ್ರದ ತಲೆನೋವೇ. 2013ರ ಜುಲೈನಿಂದ, ನಿಯಮ ಪಾಲಿಸದ ಲೇಖನವಿದ್ದರೆ ಮುಂದಿನ ವರ್ಷದ ಹಣ ತಡವಾಗುತ್ತದೆ. ಮೊದಲು 12 ತಿಂಗಳ ಅವಕಾಶವಿತ್ತು. 2025ರ ಜುಲೈ 1ರಿಂದ ಸ್ವೀಕೃತವಾದ ಹಸ್ತಪ್ರತಿಗಳಿಗೆ ಅದೂ ಇಲ್ಲ, ಪ್ರಕಟವಾದ ದಿನವೇ ಎಲ್ಲರಿಗೂ ಸಿಗಬೇಕು. ಅಡ್ಮಿನಿಸ್ಟ್ರೇಟರ್ ಹಸ್ತಪ್ರತಿಯನ್ನು ಅಪ್‌ಲೋಡ್ ಮಾಡಬಹುದು, ಒಪ್ಪಿಗೆ ಕೊಡಬೇಕಾದವರು ಮಾತ್ರ ಲೇಖಕರು. ಅದೂ ಎರಡು ಸಲ: ಮೊದಲು ಕಳಿಸಿದ ಪ್ರತಿಗೆ, ಆಮೇಲೆ ವೆಬ್ ರೂಪಕ್ಕೆ. ಎರಡನೆಯ ಇಮೇಲನ್ನು ಜಾಹೀರಾತೆಂದು ಬದಿಗೊತ್ತುವ ಪ್ರೊಫೆಸರುಗಳ ಕೃಪೆಯಿಂದಲೇ ಎಷ್ಟೋ ಲೇಖನಗಳು ಅಲ್ಲೇ ಕೊಳೆಯುತ್ತವೆ. ಒಳ್ಳೆಯ ಕಚೇರಿ ತಿಂಗಳಿಗೊಮ್ಮೆ ಪಟ್ಟಿ ತೆಗೆದು ಫೋನ್ ಮಾಡುತ್ತದೆ. ಉಳಿದವರಿಗೆ ನೆನಪಾಗುವುದು ವಾರ್ಷಿಕ ವರದಿಯ ಹಿಂದಿನ ವಾರ.

ಆಡಳಿತವೆಂದರೆ ಬರೀ ಕಾಗದ ಎಂದುಕೊಂಡವರು ಆರ್ಗನಾಯ್ಡ್ (ಕೋಶಗಳಿಂದ ಬೆಳೆಸಿದ ಪುಟ್ಟ ಅಂಗದ ಮಾದರಿ) ಕೋರಿನ ಫ್ರೀಜರ್ ನೋಡಬೇಕು. ಕರುಳಿನ ಆರ್ಗನಾಯ್ಡ್ ಬೆಳೆಯುವುದು ಮ್ಯಾಟ್ರಿಜೆಲ್ ಎಂಬ ಪ್ರೋಟೀನ್ ಜೆಲ್‌ನ ಹನಿಯೊಳಗೆ. 4 ಡಿಗ್ರಿಯಲ್ಲಿ ದ್ರವವಾಗಿರುವ ಅದು ಇನ್‌ಕ್ಯುಬೇಟರಿನ 37 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಅದರ ಪ್ರೋಟೀನ್ ಪ್ರಮಾಣ ಲಾಟಿನಿಂದ ಲಾಟಿಗೆ ಬೇರೆ. ಬೆಳವಣಿಗೆಗೆ ಬೇಕಾದ ವಿಂಟ್3ಎ, ಆರ್‌-ಸ್ಪಾಂಡಿನ್‌ 3, ನಾಗಿನ್ ಎಂಬ ಪ್ರೋಟೀನುಗಳನ್ನು ಸ್ರವಿಸುವ ಎಲ್-ಡಬ್ಲ್ಯೂಆರ್‌ಎನ್ ಕೋಶಗಳಿಂದ ತೆಗೆದ ಮೀಡಿಯಂ (ಪೋಷಕ ದ್ರವ) ಕೂಡ ಅಷ್ಟೇ, ಬ್ಯಾಚಿಗೊಂದು ಗುಣ. ಹಳೆಯ ಲಾಟು ಮುಗಿಯುವ ಮುನ್ನವೇ ಹೊಸದನ್ನು ತರಿಸಿ, ಒಂದೇ ರೋಗಿಯ ಕೋಶಗಳನ್ನು ಎರಡರಲ್ಲೂ ಪಕ್ಕಪಕ್ಕ ಬೆಳೆಸಿ ನೋಡಬೇಕು. ಅದಕ್ಕೆ ಖರೀದಿ ಆದೇಶ ವಾರಗಳ ಮೊದಲೇ ಸಹಿಯಾಗಿರಬೇಕು. ಸಹಿ ತಡವಾದರೆ ಪರೀಕ್ಷಿಸದ ಲಾಟು ನೇರ ಬಳಕೆಗೆ ಬರುತ್ತದೆ, ಐದಾರು ಲ್ಯಾಬ್‌ಗಳಲ್ಲಿ ಒಟ್ಟಿಗೆ ಆರ್ಗನಾಯ್ಡ್ ಸೊರಗುತ್ತವೆ, ಎಲ್ಲರೂ ತಮ್ಮ ವಿದ್ಯಾರ್ಥಿಯ ಕೈಗುಣವನ್ನೇ ದೂರುತ್ತಾರೆ.

ಪೈಲಟ್ ಅನುದಾನಕ್ಕೆ ನಮ್ಮಿಂದ ಒಳ್ಳೆಯ ಅಂಕವೇ. ಹೊಸಬರಿಗೂ, ಬೇರೆ ಕ್ಷೇತ್ರದಿಂದ ಜೀರ್ಣಾಂಗದ ಕಡೆ ಬರುವವರಿಗೂ ಮೊದಲ ದತ್ತಾಂಶ ಮಾಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಕಡಿಮೆ. ಅನುದಾನವಿರುವ ಹಿರಿಯರ ನಡೆಯುತ್ತಿರುವ ಕೆಲಸಕ್ಕೆ ಇದು ತೇಪೆಯಲ್ಲ, ಆಯ್ಕೆ ಸಮಿತಿ ಅಷ್ಟು ಗಟ್ಟಿಯಾಗಿ ನಿಂತರೆ ಸಾಕು.

ಸೇರುವ ಮೊದಲು ಸರದಿಯ ನಿಯಮವನ್ನು ಬರಹದಲ್ಲಿ ಕೇಳಿ: ಮೂರು ಲ್ಯಾಬ್‌ಗಳಿಗೆ ಒಂದೇ ಸ್ಲಾಟು ಬೇಕಾದಾಗ ಯಾರು ಮೊದಲು? "ನಿರ್ದೇಶಕರು ನೋಡಿಕೊಳ್ಳುತ್ತಾರೆ" ಎಂಬ ಉತ್ತರ ಬಂದರೆ, ಅವರದೇ ಲ್ಯಾಬ್ ಎಷ್ಟು ಗಂಟೆ ಬಳಸಿದೆ ಎಂಬುದನ್ನೂ ಕೇಳಿ. ಜೊತೆಗೆ ರೇಟ್ ಶೀಟ್ ತರಿಸಿಕೊಂಡು ಮೂಲೆಯಲ್ಲಿರುವ ತಾರೀಖು ನೋಡಿ. ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ನಿಮ್ಮ ಮುಂದಿನ ಅರ್ಜಿಯ ಬಜೆಟ್ಟಿನಲ್ಲಿ ಆ ದರ ನಂಬಿ ಬರೆಯಬೇಡಿ.