ಕಾರಿನ ಜೊತೆ ಬಂದ ಡ್ಯಾಶ್‌ಕ್ಯಾಮ್ ಸಾಕೇ, ಬೇರೆ ಹಾಕಿಸಬೇಕೇ?

ಕಾರಿನಲ್ಲೇ ಡ್ಯಾಶ್‌ಕ್ಯಾಮ್, ಅಂದರೆ ಓಡಿಸುವಾಗ ರಸ್ತೆಯನ್ನು ಚಿತ್ರೀಕರಿಸುವ ಕ್ಯಾಮೆರಾ, ಬಂದಿದೆ ಎಂದರೆ ಓಡಿಸುವಷ್ಟು ಹೊತ್ತೂ ಅದು ರೆಕಾರ್ಡ್ ಮಾಡುತ್ತಿರುತ್ತದೆ ಎಂದು ಅನೇಕರು ನಂಬಿಬಿಡುತ್ತಾರೆ. ಎಡವುವುದು ಇಲ್ಲೇ. ಬಿಎಂಡಬ್ಲ್ಯು ಕಾರುಗಳಲ್ಲಿ ಬರುವ ಡ್ರೈವ್ ರೆಕಾರ್ಡರ್ ಮೊದಲು ಬಂದಾಗ ಉಳಿಸುತ್ತಿದ್ದುದು ಗುದ್ದುವ ಮುಂಚಿನ 20 ಸೆಕೆಂಡ್, ಆಮೇಲಿನ 20 ಸೆಕೆಂಡ್, ಅಷ್ಟೇ. ಟೆಸ್ಲಾದಲ್ಲಿ ಹಿಂದಿನ ಒಂದು ಗಂಟೆಯದಾದರೂ ವಿಡಿಯೊ ಇರುತ್ತದೆ. ಉಳಿಸು ಎಂದು ಒತ್ತಿದರೆ ಕೊನೆಯ 10 ನಿಮಿಷದ್ದು ಅಳಿಸಿಹೋಗದಂತೆ ಬೇರೆ ಫೋಲ್ಡರಿಗೆ ಹೋಗುತ್ತದೆ. ಎರಡಕ್ಕೂ ಬಹಳ ಅಂತರವಿದೆ. ಎರಡು ಕಿಲೋಮೀಟರಿನಿಂದ ಹಿಂದೆಯೇ ಅಂಟಿಕೊಂಡು ಬಂದು ಗುದ್ದಿದವನ ನಡೆ 40 ಸೆಕೆಂಡಿನಲ್ಲಿ ಸಿಗುವುದಿಲ್ಲ. ಹಾಗಾಗಿ ಕಾರಿನ ಮ್ಯಾನ್ಯುವಲ್ ತೆರೆದು ಮೊದಲು ಎರಡು ವಿಷಯ ನೋಡಿ: ರೆಕಾರ್ಡಿಂಗ್ ನಿರಂತರವೇ, ಫೈಲ್ ತೆಗೆಯಬಹುದಾದ ಕಾರ್ಡ್ ಅಥವಾ ಪೆನ್‌ಡ್ರೈವ್‌ನಲ್ಲಿ ಕೂರುತ್ತದೆಯೇ. ಒಳಗಿನ ಮೆಮೊರಿಯಲ್ಲಷ್ಟೇ ಇದ್ದರೆ, ಅಪಘಾತದಲ್ಲಿ ಸ್ಕ್ರೀನ್ ಸತ್ತಾಗ ವಿಡಿಯೊ ಒಳಗೇ ಸಿಕ್ಕಿಕೊಳ್ಳುತ್ತದೆ.

ಚಿತ್ರದ ಸ್ಪಷ್ಟತೆಯಲ್ಲಿ ಬೇರೆ ಹಾಕಿಸಿದ್ದೇ ಸಾಮಾನ್ಯವಾಗಿ ಮುಂದು. ಟೆಸ್ಲಾದ ಮೂರನೇ ತಲೆಮಾರಿನ ಹಾರ್ಡ್‌ವೇರ್‌ನ ಕ್ಯಾಮೆರಾ ಕೊಡುವುದು 1280×960 ಚಿತ್ರ. ಲೇನ್ ಗುರುತಿಸಲು ಅಷ್ಟು ಸಾಕು, ನಂಬರ್ ಓದಲು ಸಾಲದು. ಲೆಕ್ಕ ಹಾಕಿ ನೋಡಿ: 140 ಡಿಗ್ರಿ ಲೆನ್ಸ್‌ನ 1080ಪಿ ಕ್ಯಾಮೆರಾದಲ್ಲಿ (ಚಿತ್ರದ ಅಡ್ಡಕ್ಕೆ 1920 ಪಿಕ್ಸೆಲ್, ಅಂದರೆ ಚುಕ್ಕಿ), 10 ಮೀಟರ್ ದೂರದ ಅರ್ಧ ಮೀಟರ್ ಅಗಲದ ನಂಬರ್ ಪ್ಲೇಟ್‌ಗೆ ದಕ್ಕುವುದು ಸುಮಾರು 40 ಪಿಕ್ಸೆಲ್. ಹತ್ತು ಅಕ್ಷರಗಳಿದ್ದರೆ ಒಂದೊಂದಕ್ಕೆ ನಾಲ್ಕು. ಅಡ್ಡಕ್ಕೆ ಅದರ ಎರಡರಷ್ಟು ಪಿಕ್ಸೆಲ್ ಇರುವ 4ಕೆಯಲ್ಲಿ ಅದು ಎಂಟಾಗುತ್ತದೆ, ಆಗ ಕಷ್ಟಪಟ್ಟು ಓದಬಹುದು. 170 ಡಿಗ್ರಿ ಎಂದು ಬರೆದಿರುವುದನ್ನು ನೋಡಿ ಮರುಳಾಗಬೇಡಿ. ಅಗಲ ಹೆಚ್ಚಿದಷ್ಟೂ ಇದೇ ಪಿಕ್ಸೆಲ್‌ಗಳು ತೆಳುವಾಗಿ ಹಂಚಿಹೋಗುತ್ತವೆ.

ರಾತ್ರಿ 4ಕೆ ಕೂಡ ಕೈಕೊಡುತ್ತದೆ. ಕತ್ತಲಲ್ಲಿ ಶಟರ್ 1/30 ಸೆಕೆಂಡ್ ತೆರೆದಿದ್ದರೆ, 60 ಕಿ.ಮೀ. ವೇಗದಲ್ಲಿ ಅಡ್ಡ ಹಾಯುವ ಕಾರು ಅಷ್ಟರಲ್ಲಿ ಅರ್ಧ ಮೀಟರಿಗೂ ಹೆಚ್ಚು ಸರಿದಿರುತ್ತದೆ, ಅಂದರೆ ಪ್ಲೇಟು ತನ್ನದೇ ಅಗಲದಷ್ಟು ಕಲಸಿಹೋಗಿರುತ್ತದೆ. ಆದ್ದರಿಂದ ರೆಸಲ್ಯೂಶನ್‌ಗಿಂತ ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್ ಮುಖ್ಯ. ಮಂದ ಬೆಳಕಿಗೆ ಹೊಂದುವ ಸೋನಿ ಸ್ಟಾರ್‌ವಿಸ್ 2 ಸೆನ್ಸರ್ ಇರುವ ಮಾಡೆಲ್‌ಗಳನ್ನೇ ಹುಡುಕಿ. ಇನ್ನೊಂದು ಮಾತು. ಎಲ್‌ಇಡಿ ಸಿಗ್ನಲ್ ಕಣ್ಣಿಗೆ ಕಾಣದಷ್ಟು ಬೇಗ ಮಿಟುಕುತ್ತಿರುತ್ತದೆ. ಕ್ಯಾಮೆರಾದ ಫ್ರೇಮ್ ದರ ಅದರೊಡನೆ ತಾಳ ಕೂಡಿದರೆ ವಿಡಿಯೊದಲ್ಲಿ ಸಿಗ್ನಲ್ ಕೆಲವು ಸೆಕೆಂಡ್ ಆರಿದಂತೆಯೇ ಕಾಣುತ್ತದೆ. ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 27.5 ಫ್ರೇಮ್ ಇದ್ದರೆ ಅದನ್ನೇ ಆರಿಸಿ.

ಬೇರೆ ಕ್ಯಾಮೆರಾ ಕೊಳ್ಳುವುದಾದರೆ ಒಳಗೆ ಲಿಥಿಯಂ ಬ್ಯಾಟರಿ ಇರುವುದನ್ನು ಬಿಟ್ಟು ಸ್ವಲ್ಪ ಕರೆಂಟ್ ಹಿಡಿದಿಡುವ ಸೂಪರ್ ಕೆಪಾಸಿಟರ್ ಇರುವುದನ್ನು ತೆಗೆದುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಹಿಂದೆ ಲಿಥಿಯಂ ಬ್ಯಾಟರಿ ಊದಿಕೊಳ್ಳುತ್ತದೆ. ಗುದ್ದಿದಾಗ ಕರೆಂಟ್ ಕಡಿದರೂ ಕೊನೆಯ ಫೈಲನ್ನು ಸರಿಯಾಗಿ ಮುಚ್ಚುವಷ್ಟು ಶಕ್ತಿ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಅರ್ಧಕ್ಕೆ ನಿಂತ ಎಂಪಿ4 ಫೈಲ್ ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಮತ್ತು ನಿಮಗೆ ಬೇಕಾದ್ದು ಇರುವುದು ಸರಿಯಾಗಿ ಅದರಲ್ಲೇ.

ಕಾರಿನ ಜೊತೆ ಬಂದ ಕ್ಯಾಮೆರಾ ನಿಜವಾಗಿ ಗೆಲ್ಲುವುದು ವೈರಿಂಗ್‌ನಲ್ಲಿ. ಹೊರಗಿನದನ್ನು ಹಾಕಿಸುವಾಗ ಕೆಡುವುದೂ ಅಲ್ಲೇ. ಕ್ಯಾಮೆರಾಗೆ ಕಾರಿನ ಫ್ಯೂಸ್ ಬಾಕ್ಸ್‌ನಿಂದಲೇ ಕರೆಂಟ್ ಕೊಡುವ ಹಾರ್ಡ್‌ವೈರ್ ಕಿಟ್‌ನಲ್ಲಿ ಸಾಮಾನ್ಯವಾಗಿ ಮೂರು ತಂತಿ: ಹಳದಿ ಸದಾ ಕರೆಂಟ್ ಇರುವ ಫ್ಯೂಸ್‌ಗೆ, ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವುದಕ್ಕೆ, ಕಪ್ಪು ಬಾಡಿಯ ಅರ್ತ್‌ಗೆ. ಬಣ್ಣ ನಂಬದೆ ಕಿಟ್‌ನ ಚೀಟಿ ಓದಿ, ಮಲ್ಟಿಮೀಟರ್ ಇಟ್ಟು ಫ್ಯೂಸ್ ಖಚಿತಪಡಿಸಿಕೊಳ್ಳಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಟ್ರೋಲ್‌ನ ಫ್ಯೂಸ್ ಮುಟ್ಟಲೇಬಾರದು. ಫ್ಯೂಸ್ ಟ್ಯಾಪ್‌ನಲ್ಲಿ, ಅಂದರೆ ಒಂದೇ ಫ್ಯೂಸ್ ಗೂಡಿನಿಂದ ಎರಡನೇ ದಾರಿ ತೆಗೆಯುವ ಕವಲಿನಲ್ಲಿ, ಹಳೆಯ ಫ್ಯೂಸ್ ಅದರ ಜಾಗದಲ್ಲೇ ಇರಬೇಕು, ಕ್ಯಾಮೆರಾಗೆ ಪಕ್ಕದ ಗೂಡಿನಲ್ಲಿ 2 ಅಥವಾ 3 ಆಂಪಿಯರಿನದು. ಟ್ಯಾಪ್ ತಿರುವುಮುರುವಾಗಿ ಕೂತರೆ ಕ್ಯಾಮೆರಾದ ಹೊರೆಯೂ ಹಳೆಯ ಫ್ಯೂಸಿನ ಮೇಲೆಯೇ ಬೀಳುತ್ತದೆ. ಅರ್ತ್ ತಂತಿ ಪೇಂಟ್ ಇಲ್ಲದ ಬರಿ ಲೋಹಕ್ಕೆ ಬೋಲ್ಟ್ ಆಗಬೇಕು. ಸಡಿಲವಿದ್ದರೆ ಕ್ಯಾಮೆರಾ ಸುಮ್ಮಸುಮ್ಮನೆ ಆಫ್ ಆಗಿ ಆನ್ ಆಗುತ್ತಿರುತ್ತದೆ. ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಕೇಬಲ್ ಎಳೆಯುವಾಗ, ಕಿಟಕಿಯ ಮೇಲಿಂದ ಇಳಿಯುವ ಕರ್ಟನ್ ಏರ್‌ಬ್ಯಾಗ್‌ನ ಹಿಂದಿನಿಂದ ಹೋಗಲಿ. ಎದುರಿಗೆ ಹಾದಿದ್ದರೆ ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೇ ಅಡ್ಡ. ಹಾಕಿಸುವವರ ಪಕ್ಕ ನಿಂತು ನೋಡಬೇಕಾದ ಜಾಗ ಯಾವುದಾದರೂ ಇದ್ದರೆ ಇದೇ.

ಕಾರು ನಿಲ್ಲಿಸಿಟ್ಟಾಗಲೂ ರೆಕಾರ್ಡ್ ಮಾಡುವ ಪಾರ್ಕಿಂಗ್ ಮೋಡ್ ಬೇಕೆಂದರೆ ಬ್ಯಾಟರಿಯ ಲೆಕ್ಕ ಗೊತ್ತಿರಲಿ. ಕ್ಯಾಮೆರಾ 300 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 7.2 ಆಂಪಿಯರ್ ಅವರ್. 40 ಆಂಪಿಯರ್ ಅವರ್‌ನ ಬ್ಯಾಟರಿ ಮೂರು ದಿನ ತುಂಬುವ ಮೊದಲೇ ಅರ್ಧ ಖಾಲಿ. ಕಿಟ್‌ನ ಕಟ್-ಆಫ್, ಅಂದರೆ ಬ್ಯಾಟರಿ ಎಷ್ಟಕ್ಕೆ ಇಳಿದಾಗ ಕ್ಯಾಮೆರಾ ಆಫ್ ಆಗಬೇಕೆಂಬ ಮಿತಿ, 12.2 ವೋಲ್ಟ್‌ಗೆ ಇಡಿ. 11.8ಕ್ಕೆ ಬಿಟ್ಟರೆ ಬೆಳಗ್ಗೆ ಸ್ಟಾರ್ಟ್ ಆಗದಿರಬಹುದು.

ಮೆಮೊರಿ ಕಾರ್ಡ್ ಹೈ ಎಂಡ್ಯೂರೆನ್ಸ್ (ಪದೇಪದೇ ಅಳಿಸಿ ಬರೆದರೂ ತಾಳುವುದು) ಎಂದು ಬರೆದಿರುವುದೇ ಆಗಬೇಕು. ಮುಂದಿನ ಹಿಂದಿನ ಕ್ಯಾಮೆರಾ ಸೇರಿ ಸೆಕೆಂಡಿಗೆ 46 ಮೆಗಾಬಿಟ್ ವೇಗದಲ್ಲಿ ಬರೆದರೆ ಗಂಟೆಗೆ 20 ಜಿಬಿ ದಾಟುತ್ತದೆ, 128 ಜಿಬಿ ಕಾರ್ಡ್ ಆರು ಗಂಟೆಗೊಮ್ಮೆ ಪೂರ್ತಿ ಅಳಿಸಿ ಬರೆಯಲ್ಪಡುತ್ತದೆ. ಮಾಮೂಲಿ ಕಾರ್ಡ್ ಇದನ್ನು ಬಹಳ ದಿನ ತಾಳುವುದಿಲ್ಲ. ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ನಮ್ಮ ಅಭಿಪ್ರಾಯ ಇಷ್ಟು: ಕಾರಿನದು ನಿರಂತರವಾಗಿ, ಹಿಂದೆ ಮುಂದೆ ಎರಡೂ ಕಡೆ, ತೆಗೆಯಬಹುದಾದ ಕಾರ್ಡ್‌ಗೆ ರೆಕಾರ್ಡ್ ಮಾಡುತ್ತಿದ್ದರೆ ಅದನ್ನೇ ಇಟ್ಟುಕೊಳ್ಳಿ. ಮೂರರಲ್ಲಿ ಒಂದು ತಪ್ಪಿದರೂ ಬೇರೆ ಹಾಕಿಸಿ. ಕನ್ನಡಿಯ ಹಿಂದೆ ಡ್ರೈವರ್‌ಗೆ ನೆರವಾಗುವ ಕ್ಯಾಮೆರಾ ಇದ್ದರೆ ಅದರ ನೋಟಕ್ಕೆ ಅಡ್ಡ ಬರದಂತೆ ಪಕ್ಕಕ್ಕೆ ಅಂಟಿಸಿ. ಹಾಕಿಸಿದ ದಿನವೇ ಹಗಲಿನದೊಂದು, ರಾತ್ರಿಯದೊಂದು ಫೈಲ್ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಡ್ಯಾಶ್‌ಬೋರ್ಡಿನ ನೆರಳು ಗಾಜಿನಲ್ಲಿ ಕಾಣುತ್ತಿದ್ದರೆ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಅನ್ನು ಲೆನ್ಸ್‌ಗೆ ಹಾಕಿ ಮೆಲ್ಲಗೆ ತಿರುಗಿಸಿ, ನೆರಳು ಮಾಯವಾದಲ್ಲಿ ನಿಲ್ಲಿಸಿ. ಅದು ಬೆಳಕನ್ನೂ ನುಂಗುತ್ತದೆ, ರಾತ್ರಿ ಓಡಾಟವೇ ಹೆಚ್ಚಿದ್ದರೆ ಹಾಕಬೇಡಿ.