ಡಾಡ್ಜ್ ಚಾಲೆಂಜರ್ ಆರ್/ಟಿ, ಆರೂವರೆ ವರ್ಷದ ನಂತರ: ಸಿಲಿಂಡರ್ ಎಂಟು, ಅದರಲ್ಲಿ ನಾಲ್ಕಕ್ಕೆ ಆಗಾಗ ರಜೆ

ಗಾಡಿ 2016ರ ಚಾಲೆಂಜರ್ ಆರ್/ಟಿ, ಅಮೆರಿಕದ ಡಾಡ್ಜ್ ಕಂಪನಿಯ ಮಸಲ್ ಕಾರ್, ಅಂದರೆ ದೊಡ್ಡ ಇಂಜಿನ್ ಇಟ್ಟ ಎರಡು ಬಾಗಿಲಿನ ಜೋರು ಗಾಡಿ. 'ಹೆಮಿ' ಅಂತ ಕರೆಯುವ 5.7 ಲೀಟರಿನ, ಎಂಟು ಸಿಲಿಂಡರಿನ ವಿ8 ಇಂಜಿನ್, 372 ಅಶ್ವಶಕ್ತಿ, ಎಂಟು ಗೇರಿನ ಆಟೋಮ್ಯಾಟಿಕ್. 2019ರ ಮಾರ್ಚ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ 21 ಸಾವಿರ ಮೈಲಿ ಓಡಿತ್ತು, ಈಗ 62 ಸಾವಿರ. ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕ. ಅಂದರೆ ಚಳಿಗಾಲ ಪೂರ್ತಿ ರಸ್ತೆ ಮೇಲೆ ಹಿಮ, ಹಿಮದ ಮೇಲೆ ಉಪ್ಪು. ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುವ, 1,900 ಕಿಲೋ ತೂಗುವ ಗಾಡಿಗೆ ಇದಕ್ಕಿಂತ ತಪ್ಪು ಊರು ಇನ್ನೊಂದಿಲ್ಲ. ಆದರೂ ಇಟ್ಟುಕೊಂಡಿದ್ದೇನೆ.

ಎಲ್ಲರೂ ಕೇಳುವುದು ಮೈಲೇಜ್. ನಮ್ಮಪ್ಪ 2022ರ ಬೇಸಿಗೆಯಲ್ಲಿ ತಿಪಟೂರಿನಿಂದ ಬಂದಿದ್ದರು. ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ ಮೇಲೆ ಕೈ ಸವರಿ, ಕೇಳಿದ ಮೊದಲ ಪ್ರಶ್ನೆ, "ಎಷ್ಟು ಕೊಡುತ್ತೋ ಇದು?" ಊರೊಳಗೆ ಲೀಟರಿಗೆ ಆರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆರಾ? ಅದಕ್ಕಿಂತ ಕೊಬ್ಬರಿ ಲಾರಿನೇ ವಾಸಿ ಕಣೋ, ಲೋಡಾದ್ರೂ ಹೊರುತ್ತೆ."

ಕಂಪನಿ ಸ್ಟಿಕರ್ ಮೇಲೆ ಗ್ಯಾಲನ್‌ಗೆ (ಸುಮಾರು 3.8 ಲೀಟರ್) ಊರೊಳಗೆ 16 ಮೈಲಿ, ಹೈವೇಯಲ್ಲಿ 25 ಅಂತಿದೆ. ನನಗೆ ಸಿಕ್ಕಿದ್ದು ಊರೊಳಗೆ 15, ಚಳಿಗಾಲದಲ್ಲಿ 13, ಒಟ್ಟು ಸರಾಸರಿ 18ರ ಹತ್ತಿರ. ಹೈವೇಯಲ್ಲಿ ಮಾತ್ರ ಸ್ಟಿಕರ್ ಸುಳ್ಳು ಹೇಳಿಲ್ಲ, ಮತ್ತು ಅದಕ್ಕೊಂದು ಕಾರಣವಿದೆ. ಈ ಇಂಜಿನ್‌ನಲ್ಲಿ ಎಂಡಿಎಸ್ ಅಂತ ಒಂದು ಏರ್ಪಾಡಿದೆ. ಕಾಲು ಹಗುರವಾಗಿ ಇಟ್ಟು ಒಂದೇ ವೇಗದಲ್ಲಿ ಹೋಗುತ್ತಿದ್ದರೆ 1, 4, 6, 7ನೇ ಸಿಲಿಂಡರ್‌ಗಳ ವಾಲ್ವ್ ಮುಚ್ಚಿಕೊಂಡು, ಅಲ್ಲಿಗೆ ಪೆಟ್ರೋಲ್ ನಿಂತು, ಗಾಡಿ ನಾಲ್ಕೇ ಸಿಲಿಂಡರ್ ಮೇಲೆ ಓಡುತ್ತದೆ. ಮೀಟರಿನಲ್ಲಿ 'ಇಕೋ' ಅಂತ ಬರುತ್ತದೆ. ಕಿವಿ ಚುರುಕಿದ್ದರೆ ಅಕ್ಷರ ನೋಡುವುದೂ ಬೇಡ, ಸೈಲೆನ್ಸರ್ ಸದ್ದು ಗುಡುಗಿನಿಂದ ಗೊಣಗಾಟಕ್ಕೆ ಇಳಿಯುವುದು ಗೊತ್ತಾಗುತ್ತದೆ. ಮ್ಯಾನ್ಯುಯಲ್ ಗೇರಿನ ಆರ್/ಟಿಯಲ್ಲಿ ಇದು ಇಲ್ಲ.

ಅಪ್ಪನಿಗೆ ಇಡೀ ಗಾಡಿಯಲ್ಲಿ ಇಷ್ಟವಾಗಿದ್ದು ಆ ಅಕ್ಷರ ಒಂದೇ. ಐ-75 ಹೈವೇ ಹಿಡಿದು ಮ್ಯಾಕಿನಾ ಸೇತುವೆ ನೋಡಲು ಹೊರಟೆವು, ಸುಮಾರು 290 ಮೈಲಿ. ಪಕ್ಕದ ಸೀಟಿನಿಂದ ದಾರಿಯುದ್ದಕ್ಕೂ ಕಾಮೆಂಟರಿ. "ಬಂತು ನೋಡು. ಹೋಯ್ತು! ಯಾಕೆ ತುಳಿತೀಯ, ಕಾಲು ತೆಗಿ." ಓವರ್‌ಟೇಕ್ ಮಾಡುವ ಆಸೆಯನ್ನೇ ಬಿಟ್ಟೆ. ಆ ದಿನ ಬಂದಿದ್ದು 26.4, ಲೀಟರಿಗೆ 11 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಇವತ್ತಿಗೂ ನನ್ನ ದಾಖಲೆ ಅದೇ.

ಮಜಾ ಏನೆಂದರೆ, ಅಪ್ಪ ಅವತ್ತು ಮಾಡಿದ ಕೆಲಸವನ್ನೇ ಅಮೆರಿಕದ ಸರ್ಕಾರ 1975ರಿಂದ ಕಾರು ಕಂಪನಿಗಳ ಪಕ್ಕ ಕೂತು ಮಾಡುತ್ತಿದೆ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಬಂಕ್ ಮುಂದೆ ಕ್ಯೂ ಬೆಳೆದು, ಆ ಬಿಸಿಯಲ್ಲಿ ಬಂದ ಕಾನೂನು ಇದು, ಕೆಫೆ (CAFE) ಅಂತ ಕರೆಯುತ್ತಾರೆ. ಒಂದೊಂದು ಗಾಡಿಯನ್ನು ನೋಡುವುದಿಲ್ಲ, ಕಂಪನಿ ಒಂದು ವರ್ಷ ಮಾರಿದ ಗಾಡಿಗಳ ಸರಾಸರಿ ಮೈಲೇಜ್ ನೋಡುತ್ತದೆ. 2025ರ ತನಕ ಗುರಿ ತಪ್ಪಿದರೆ ದಂಡ ಕಟ್ಟಬೇಕಿತ್ತು, ಇಲ್ಲವೇ ಗುರಿ ಮೀರಿದ ಬೇರೆ ಕಂಪನಿಯಿಂದ ಕ್ರೆಡಿಟ್, ಅಂದರೆ ಅವರು ಉಳಿಸಿಕೊಂಡ ಅಂಕ, ಕೊಳ್ಳಬೇಕಿತ್ತು. ಹಾಗಾಗಿ ನನ್ನಂಥವನ ಗಾಡಿ ಬದುಕಿದ್ದು ಅದೇ ಶೋರೂಮಿನ ಸಣ್ಣ ಕಾರುಗಳ ಪುಣ್ಯದಿಂದ. ಡಾಡ್ಜ್‌ನ ಆಗಿನ ಒಡೆಯ ಫಿಯಟ್ ಕ್ರೈಸ್ಲರ್‌ಗೆ ಆ ಪುಣ್ಯ ಸಾಲಲಿಲ್ಲ. ಸಣ್ಣ ಕಾರುಗಳನ್ನು ನಿಲ್ಲಿಸುತ್ತಾ ಬಂದರು, 2016ರ ಮಾಡೆಲ್‌ಗಳಿಗೆ, ಅಂದರೆ ನನ್ನ ಗಾಡಿಯ ವರ್ಷಕ್ಕೇ, ಸುಮಾರು 7.7 ಕೋಟಿ ಡಾಲರ್ ದಂಡ ಕಟ್ಟಿದರು. ಬಿಲ್‌ನಲ್ಲಿ ಕಾಣದಿದ್ದರೂ ಅದರಲ್ಲಿ ಒಂದು ಚೂರು ನನ್ನ ಗಾಡಿಯದೂ ಇತ್ತು ಅನ್ನಿ.

ಇದಲ್ಲದೆ ಗ್ಯಾಸ್ ಗಝ್ಲರ್, ಅಂದರೆ ಪೆಟ್ರೋಲ್ ಕುಡುಕ, ತೆರಿಗೆ ಅಂತ ಇನ್ನೊಂದಿದೆ. ಪರೀಕ್ಷೆಯಲ್ಲಿ 22.5 ಮೈಲಿಗಿಂತ ಕಮ್ಮಿ ಕೊಡುವ ಹೊಸ ಕಾರಿಗೆ ಸಾವಿರ ಡಾಲರಿನಿಂದ ಶುರುವಾಗಿ 7,700ರ ತನಕ. ಇದೇ ಚಾಲೆಂಜರಿನ ಇನ್ನೂ ಜೋರಿನ ಮಾಡೆಲ್ ಹೆಲ್‌ಕ್ಯಾಟ್‌ಗೆ ಅದು ಬೀಳುತ್ತಿತ್ತು. ಆದರೆ ಪಿಕಪ್‌ಗೂ ಎಸ್‌ಯುವಿಗೂ ಈ ತೆರಿಗೆ ಇಲ್ಲ! ಕೆಫೆ ಗುರಿಯೂ ಅಷ್ಟೇ, ನಾಲ್ಕು ಚಕ್ರಗಳ ನಡುವಿನ ಜಾಗ ದೊಡ್ಡದಾದಷ್ಟೂ ಗುರಿ ಸಡಿಲ, ಟ್ರಕ್ ಅನ್ನಿಸಿಕೊಂಡರೆ ಇನ್ನೂ ಸಡಿಲ. ನಾನು ವರ್ಷಕ್ಕೆ ಆರು ಸಾವಿರ ಚಿಲ್ಲರೆ ಮೈಲಿ ಓಡಿಸಿ 350 ಗ್ಯಾಲನ್ ಸುಡುತ್ತೇನೆ. ಪಕ್ಕದ ಮನೆಯವರು ಪಿಕಪ್‌ನಲ್ಲಿ ಒಬ್ಬರೇ ಕೂತು ವರ್ಷಕ್ಕೆ 20 ಸಾವಿರ ಮೈಲಿ ಆಫೀಸಿಗೆ ಹೋಗಿ ಬರುತ್ತಾರೆ, ಅವರದು ಸಾವಿರ ಗ್ಯಾಲನ್ ದಾಟುತ್ತದೆ. ಬೈಸಿಕೊಳ್ಳುವವನು ಮಾತ್ರ ನಾನು, ಯಾಕೆಂದರೆ ನನ್ನದು ಸದ್ದು ಮಾಡುತ್ತದೆ.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಆಯಿಲ್ ಪ್ರತಿ ಸಲ 7 ಕ್ವಾರ್ಟ್, ಆರೂವರೆ ಲೀಟರ್. ಸ್ಪಾರ್ಕ್ ಪ್ಲಗ್ ಎಂಟಲ್ಲ, ಹದಿನಾರು, ಸಿಲಿಂಡರಿಗೆ ಎರಡೆರಡು. ಗೊತ್ತಿಲ್ಲದೆ ಎಂಟು ತಂದು, ಮತ್ತೆ ಅಂಗಡಿಗೆ ಓಡಿದೆ. ಹಿಂದಿನ ಮೂಲೆಯ ಪ್ಲಗ್‌ಗೆ ಕೈ ಹೋಗದೆ, ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್ ಸಿಕ್ಕಿಸಿ, ಒಂದು ಶನಿವಾರ ಪೂರ್ತಿ ಹೋಯಿತು. ಹಿಂದಿನ ಟೈರ್ 20 ಸಾವಿರ ಮೈಲಿಗೆ ಸವೆಯಿತು, ಅದು ನನ್ನ ಬಲಗಾಲಿನ ತಪ್ಪು. ಮೊದಲ ಚಳಿಗಾಲ ಮಾಮೂಲಿ ಟೈರಿನಲ್ಲೇ ಓಡಿಸಲು ಹೋಗಿ, ನಡೆಯುವ ವೇಗದಲ್ಲಿ ಫುಟ್‌ಪಾತ್ ಕಲ್ಲಿಗೆ ರಿಮ್ ಉಜ್ಜಿದೆ. ಆಮೇಲೆ ಹಿಮದ ಟೈರ್ ತಂದೆ. ಗಾಡಿ ಮಾರಿದ ಡೀಲರ್ ಎರಡನೇ ಕೀ ಕೊಡಲು ಮೂರು ತಿಂಗಳು ಸತಾಯಿಸಿದ. ಇನ್ಶೂರೆನ್ಸ್ ಬಗ್ಗೆ ಮಾತಾಡಿದರೆ ಊಟ ಸೇರುವುದಿಲ್ಲ.

ಈಗ ಇದರ ಮುಂದೇನು ಅನ್ನುವ ಪ್ರಶ್ನೆ. ಚಾಲೆಂಜರ್ 2023ರ ಡಿಸೆಂಬರ್‌ನಲ್ಲಿ ಕೆನಡಾದ ಬ್ರ್ಯಾಂಪ್ಟನ್ ಫ್ಯಾಕ್ಟರಿಯಲ್ಲಿ ನಿಂತಿತು, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅದರ ಎದುರಾಳಿ, ಶೆವರ್ಲೆಯ ಕಮಾರೊ ಕೂಡ. ಹೊಸದಾಗಿ ಶೋರೂಮಿನಲ್ಲಿ ವಿ8 ಇರುವ ಮಸಲ್ ಕಾರ್ ಬೇಕು ಅಂದರೆ ಫೋರ್ಡ್ ಮಸ್ಟಾಂಗ್ ಉಳಿದಿದೆ, ಅಷ್ಟೇ ಅನ್ನಬಹುದು. ಚಾಲೆಂಜರ್‌ಗೆ ಇದು ಮೊದಲ ಸಾವೂ ಅಲ್ಲ. 1970ರಲ್ಲಿ ಹುಟ್ಟಿ 1974ಕ್ಕೆ ನಿಂತಿತ್ತು. 1978ರಲ್ಲಿ ಅದೇ ಹೆಸರನ್ನು ಜಪಾನಿನಿಂದ ತಂದ ನಾಲ್ಕು ಸಿಲಿಂಡರಿನ ಮಿತ್ಸುಬಿಷಿ ಗಾಡಿಗೆ ಅಂಟಿಸಿ ಮಾರಿದರು. ಹೆಸರಿಗೆ ಮಾತ್ರ ಚಾಲೆಂಜರ್.

ಅದಕ್ಕೇ ಡಾಡ್ಜ್‌ನ ಹೊಸ ಕಾರು ಚಾರ್ಜರ್ ಡೇಟೋನಾ ಬಂದಾಗ ಸ್ವಲ್ಪ ಅನುಮಾನದಲ್ಲೇ ಓಡಿಸಲು ಹೋದೆ. ಪೂರ್ತಿ ಎಲೆಕ್ಟ್ರಿಕ್, 670 ಅಶ್ವಶಕ್ತಿ. ತುಳಿದರೆ ಹೊಟ್ಟೆ ಸೀಟಿಗೆ ಅಂಟುತ್ತದೆ, ನನ್ನ ಗಾಡಿ ಅದರ ಹತ್ತಿರವೂ ಬರಲ್ಲ. ಆದರೆ ಸೈಲೆನ್ಸರ್ ಸದ್ದಿನ ಹಾಗೆ ಕೇಳಲಿ ಅಂತ ಸ್ಪೀಕರಿನಿಂದ ಗುಡುಗು ಹಾಕುತ್ತಾರೆ ನೋಡಿ, ಅದು ನನಗೆ ಮದುವೆ ಮನೆಯಲ್ಲಿ ನಾದಸ್ವರದವರನ್ನು ಬಿಟ್ಟು ರೆಕಾರ್ಡ್ ಹಾಕಿದ ಹಾಗಾಯಿತು. ಸುಮ್ನೆ ಮೌನವಾಗಿದ್ದರೂ ಗೌರವ ಇರುತ್ತಿತ್ತು. ಅದೇ ಬಾಡಿಯಲ್ಲಿ ಸಿಕ್ಸ್‌ಪ್ಯಾಕ್ ಅಂತ 3 ಲೀಟರಿನ ಆರು ಸಿಲಿಂಡರ್, ಎರಡು ಟರ್ಬೋದ ಪೆಟ್ರೋಲ್ ಗಾಡಿ ಇದೆ, 420 ಮತ್ತು 550 ಅಶ್ವಶಕ್ತಿ. ಚಿಕ್ಕದರಲ್ಲೂ ನನ್ನ ವಿ8ಗಿಂತ ಜಾಸ್ತಿ. ನಾಳೆಯ ಮಸಲ್ ಕಾರ್ ಅಂದರೆ ಇದೇ ಅಂತ ನನ್ನ ಲೆಕ್ಕ, ಬ್ಯಾಟರಿ ಅಲ್ಲ.

ಕಾನೂನು ಸಡಿಲವಾಯಿತಲ್ಲ, ವಿ8 ವಾಪಸ್ ಬರುತ್ತೆ ಅಂತ ಗೆಳೆಯರು ಕುಣಿಯುತ್ತಿದ್ದಾರೆ. 2024ರ ಜೂನ್‌ನಲ್ಲಿ 2031ರ ಹೊತ್ತಿಗೆ ಸರಾಸರಿ 50.4 ಮೈಲಿ ಬೇಕು ಅಂತ ನಿಯಮ ಮಾಡಿದರು. 2025ರ ಜುಲೈನಲ್ಲಿ ಇನ್ನೊಂದು ಸರ್ಕಾರ ಕೆಫೆ ದಂಡವನ್ನೇ ಸೊನ್ನೆ ಮಾಡಿತು. ರ‍್ಯಾಮ್ ಪಿಕಪ್‌ಗೆ ಹೆಮಿ ವಾಪಸ್ ಬಂತು, ನಿಜ. ಆದರೆ ಒಂದು ಇಂಜಿನ್ ತಯಾರಾಗಲು ವರ್ಷಗಟ್ಟಲೆ ಬೇಕು, ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ. ಯಾವ ಕಂಪನಿ ಆ ಧೈರ್ಯದ ಮೇಲೆ ಹೊಸ ವಿ8ಗೆ ದುಡ್ಡು ಸುರಿಯುತ್ತದೆ ಹೇಳಿ? ಇರುವ ಹಳೆಯದನ್ನೇ ಲಾಭ ಜಾಸ್ತಿ ಇರುವ ಪಿಕಪ್‌ಗೆ ಹಾಕಿ ಮಾರುತ್ತಾರೆ. ಕೂಪೆ ಕೊಳ್ಳುವ ನಮ್ಮಂಥವರು ಕಡೇ ಪಂಕ್ತಿ.

ಸೆಕೆಂಡ್ ಹ್ಯಾಂಡ್ ಆರ್/ಟಿ ನೋಡುತ್ತಿದ್ದರೆ ನನ್ನ ಸಲಹೆ ಆಟೋಮ್ಯಾಟಿಕ್. ದಿನಾ ಆಫೀಸಿಗೆ ಅಂತಾದರೆ ಬೇಡವೇ ಬೇಡ. ಟೆಸ್ಟ್ ಡ್ರೈವ್‌ನಲ್ಲಿ ಎಲ್ಲರೂ ತುಳಿದು ನೋಡುತ್ತಾರೆ, ನೀವು ಹೈವೇಗೆ ಹೋಗಿ 60 ಮೈಲಿಯಲ್ಲಿ ಸುಮ್ನೆ ಕಾಲು ಹಗುರ ಮಾಡಿ, 'ಇಕೋ' ಬರುತ್ತದಾ, ಬರುವಾಗ ಜರ್ಕ್ ಇದೆಯಾ ನೋಡಿ. ಪ್ಲಗ್ ಬದಲಾಯಿಸಿದ ರಸೀದಿ ಕೇಳಿ, ಹದಿನಾರು ಎಣಿಸಿ.

ಅಪ್ಪ ಈಗಲೂ ಭಾನುವಾರ ಫೋನ್ ಮಾಡಿದಾಗ ಮೊಮ್ಮಗಳನ್ನು ವಿಚಾರಿಸಿದ ಮೇಲೆ ಕೇಳುತ್ತಾರೆ, "ಆ ಹಸಿರು ಅಕ್ಷರ ಬರ್ತಾ ಇದೆಯೇನೋ?" ಬರ್ತಾ ಇದೆ ಅಪ್ಪ, ಅನ್ನುತ್ತೇನೆ. ಸ್ಪೋರ್ಟ್ ಬಟನ್ ಒತ್ತಿದರೆ ಅದು ಬರುವುದೇ ಇಲ್ಲ ಅನ್ನುವುದನ್ನು ಇನ್ನೂ ಹೇಳಿಲ್ಲ.