ವಿ10 ಇದ್ದ ಜಾಗದಲ್ಲಿ ವಿ8: 14,000 ಕಿಲೋಮೀಟರ್ ಓಡಿಸಿದ ಮೇಲೆ

ನನ್ನ ಕಾರಿನ ಬಾನೆಟ್ ಎತ್ತಿದರೆ ನೋಡುವವರು ಎರಡು ಪಕ್ಷವಾಗುತ್ತಾರೆ. ಒಂದು ಪಕ್ಷ "ಅಯ್ಯೋ, ಇದೇನು ಮಾಡಿಬಿಟ್ಟಿರಿ" ಅನ್ನುತ್ತದೆ. ಇನ್ನೊಂದು ಪಕ್ಷ ಮಾತಾಡದೆ ಬಗ್ಗಿ ನೋಡುತ್ತದೆ. ಕಾರು ಬಿಎಂಡಬ್ಲ್ಯು ಎಂ5, ಇ60 ಬಾಡಿ (ಇ60 ಅಂದರೆ ಆ ತಲೆಮಾರಿಗೆ ಕಂಪನಿ ಇಟ್ಟ ಸಂಕೇತ). ಅದರೊಳಗೆ ಇರಬೇಕಾದದ್ದು ಎಸ್85 ಎಂಬ ಐದು ಲೀಟರಿನ ವಿ10, ಅಂದರೆ ಹತ್ತು ಸಿಲಿಂಡರಿನ ಎಂಜಿನ್. ಈಗ ಇರುವುದು ಷೆವರ್ಲೆ ಕಾರ್ವೆಟ್‌ನ ಎಲ್‌ಎಸ್3, ಅಂದರೆ 6.2 ಲೀಟರಿನ, ಎಂಟು ಸಿಲಿಂಡರಿನ ವಿ8. ಅದರ ಬೆನ್ನಿಗೆ ಟ್ರೆಮೆಕ್ ಟಿ-56 ಮ್ಯಾಗ್ನಮ್, ಆರು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್.

ಕೆಲಸ ಮಾಡಿಕೊಟ್ಟದ್ದು ಮೂರೇ ಜನರ ಒಂದು ಗ್ಯಾರೇಜ್. ಹೆಸರು ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ, ಈಗಿರುವ ಕೆಲಸವೇ ಕೈಮೀರಿದೆಯಂತೆ. ಸರಿ, ಹೆಸರಿಲ್ಲದೆಯೇ ಬರೆಯುತ್ತೇನೆ. ಹೊಗಳಿಕೆಯೂ ಇದೆ, ಜಗಳವೂ ಇದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನಾನು ಚೆನ್ನಾಗಿದ್ದ ವಿ10 ಕಿತ್ತು ಎಸೆದವನಲ್ಲ. ನನಗೆ ಸಿಕ್ಕಾಗಲೇ ಕಾರಿನಲ್ಲಿ ಎಂಜಿನ್ ಇರಲಿಲ್ಲ, ಗೇರ್‌ಬಾಕ್ಸೂ ಇರಲಿಲ್ಲ. ಹಿಂದಿನ ಮಾಲೀಕರು ಎರಡನ್ನೂ ಬೇರೆಯಾಗಿ ಮಾರಿ, ಬಾಡಿಯನ್ನು ಶೆಡ್ಡಿನಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ್ದರು. ಇನ್ನೊಂದು ವಿ10 ಹುಡುಕಬಹುದಿತ್ತು. ಆದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆತಕ್ಕೆ ಹೆಸರಾದ ಎಂಜಿನ್ ಅದು. ಹಳೆಯದೊಂದನ್ನು ತಂದು, ಬಿಚ್ಚಿ, ಬೇರಿಂಗ್ ಹಾಕಿಸಿ, ಜೊತೆಗೆ ಕ್ಲಚ್ಚನ್ನು ತಾನೇ ಒತ್ತುವ ಏಳು ಗೇರಿನ ಎಸ್‌ಎಂಜಿ ಬಾಕ್ಸು, ಅದರ ಹೈಡ್ರಾಲಿಕ್ ಪಂಪು ಎಲ್ಲ ಹೊಂದಿಸುವ ಹೊತ್ತಿಗೆ ಮೂಗಿಗಿಂತ ಮೂಗುತಿ ಭಾರವಾಗುತ್ತಿತ್ತು. ಎಲ್‌ಎಸ್3 ಅಂದರೆ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೇ ಇರುವ, ಪುಶ್‌ರಾಡಿನ, ಸಿಲಿಂಡರಿಗೆ ಎರಡೇ ವಾಲ್ವಿನ ಹಳೇ ಕಾಲದ ಲೆಕ್ಕಾಚಾರ. ಬ್ಲಾಕು, ಹೆಡ್ಡು ಎರಡೂ ಅಲ್ಯುಮಿನಿಯಂ. ಕ್ಯಾಮ್ ತಲೆಯ ಮೇಲೆ ಇಲ್ಲದ್ದರಿಂದ ಸಿಸಿ ಜಾಸ್ತಿಯಾದರೂ ಆಕಾರ ಚಿಕ್ಕದು. ಇಂಥ ಕೆಲಸಕ್ಕೆ ಎಲ್ಲರೂ ಇದರ ಹಿಂದೆ ಬೀಳುವುದು ಸುಮ್ಮನೆ ಅಲ್ಲ.

ಕಾಗದದ ಮೇಲೆ ನಾನು ಸೋತಿದ್ದೇನೆ. ವಿ10 ಕೊಡುತ್ತಿದ್ದದ್ದು 507 ಪಿಎಸ್ (ಅಶ್ವಶಕ್ತಿ), ಅದೂ 7,750 ಆರ್‌ಪಿಎಂನಲ್ಲಿ. ಕಾರ್ವೆಟ್‌ನಲ್ಲಿ ಎಲ್‌ಎಸ್3 ಕೊಡುತ್ತಿದ್ದದ್ದು 436 ಪಿಎಸ್. ಟಾರ್ಕ್, ಅಂದರೆ ತಿರುಚುವ ಬಲ, ನೋಡಿದರೆ ಮಾತ್ರ ತಕ್ಕಡಿ ಈ ಕಡೆ ವಾಲುತ್ತದೆ: ವಿ10ನಲ್ಲಿ 520 ಎನ್‌ಎಂ, 6,100 ಆರ್‌ಪಿಎಂಗೆ ಹೋದ ಮೇಲೆ. ಇದರಲ್ಲಿ ಸುಮಾರು 575, 4,600ಕ್ಕೇ.

ಎಂಜಿನ್ ಕೂರಿಸುವುದು ದೊಡ್ಡ ವಿಷಯವೇ ಅಲ್ಲ ಅಂತ ಈಗ ಗೊತ್ತಾಗಿದೆ. ಮೂರನೇ ವಾರದಲ್ಲೇ ಎಂಜಿನ್ ಮೌಂಟಿನ ಮೇಲೆ ಕೂತಿತ್ತು, ಫೋಟೋ ಬಂದಿತ್ತು, ನಾನು ಕುಣಿದಾಡಿದ್ದೆ. ನಾಲ್ಕು ತಿಂಗಳು ಅಂದಿದ್ದರು. ಆಗಿದ್ದು ಹನ್ನೊಂದು. ಆ ಹೆಚ್ಚಿನ ಏಳು ತಿಂಗಳು ಎಲ್ಲಿಗೆ ಹೋಯಿತು ಅನ್ನುವುದೇ ಈ ವಿಮರ್ಶೆ.

ಬಹುಪಾಲು ಹೋಗಿದ್ದು ವೈರಿಂಗಿಗೆ. ಈ ಕಾರಿನಲ್ಲಿ ಪ್ರತಿಯೊಂದು ಕಂಪ್ಯೂಟರೂ ಇನ್ನೊಂದರ ಜೊತೆ ಕ್ಯಾನ್ ಬಸ್ ಎಂಬ ಒಳಗಿನ ತಂತಿಜಾಲದ ಮೇಲೆ ಹರಟುತ್ತಲೇ ಇರುತ್ತದೆ. ಎಂಜಿನ್ ಕಂಪ್ಯೂಟರ್ "ಈಗ ಇಷ್ಟು ಟಾರ್ಕ್ ಕೊಡುತ್ತಿದ್ದೇನೆ" ಅಂದರೇನೇ ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲಿಗೆ ಸಮಾಧಾನ. ಮೀಟರ್ ಬೋರ್ಡಿನ ಆರ್‌ಪಿಎಂ ಮುಳ್ಳು, ಎಂಜಿನ್ನಿನ ಶಾಖ, ರೇಡಿಯೇಟರ್ ಫ್ಯಾನಿನ ವೇಗ, ಸ್ಟಾರ್ಟ್ ಆಗಲು ಅನುಮತಿ, ಎಲ್ಲವೂ ಆ ಹರಟೆಯ ಮೇಲೇ ನಿಂತಿವೆ. ಹೊಸ ಎಂಜಿನ್ನಿನ ಜಿಎಂ (ಷೆವರ್ಲೆಯ ಮಾತೃಸಂಸ್ಥೆ) ಕಂಪ್ಯೂಟರಿಗೆ ಆ ಭಾಷೆ ಬರುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಮಧ್ಯೆ ದುಭಾಷಿಯಂತೆ ಒಂದು ಗೇಟ್‌ವೇ ಮಾಡ್ಯೂಲ್ ಕೂರಿಸಿ, ಒಂದೊಂದೇ ಸಂದೇಶವನ್ನು ಅನುವಾದ ಮಾಡಿಸಬೇಕು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಡ್ಯಾಷ್‌ಬೋರ್ಡ್ ದೀಪಾಲಂಕಾರ ಮಾಡಿದಂತೆ ಉರಿಯುತ್ತಿತ್ತು. ವೈರಿಂಗ್ ಮಾಡುವ ಹುಡುಗ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, "ಸರ್, ಇವತ್ತು ಮೂರು ದೀಪ ಆರಿಸಿದೆ" ಅಂತ ಸಂಜೆ ಫೋನ್ ಮಾಡುತ್ತಿದ್ದ. ದಿನಕ್ಕೆ ಮೂರು, ಕೆಲವು ದಿನ ಒಂದೂ ಇಲ್ಲ. ಆ ಹುಡುಗನ ತಾಳ್ಮೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಈಗ ಒಂದೂ ದೀಪ ಉರಿಯುವುದಿಲ್ಲ, ಸ್ಟೆಬಿಲಿಟಿ ಕಂಟ್ರೋಲ್ ನಿಜವಾಗಿ ಕೆಲಸ ಮಾಡುತ್ತದೆ. ಒದ್ದೆ ರಸ್ತೆಯಲ್ಲಿ ನೋಡಿದ್ದೇನೆ.

ಸೆಂಟರ್ ಕನ್ಸೋಲಿನ ಪವರ್ ಬಟನ್ ಮಾತ್ರ ಅನಾಥ. ಮೊದಲು ಅದು 400 ಪಿಎಸ್ಸಿನಿಂದ ಪೂರ್ತಿ ಶಕ್ತಿಗೆ ಏರಿಸುತ್ತಿತ್ತು. ಈಗ ಒತ್ತಿದರೆ ಏನೂ ಆಗದು. ಆದರೂ ಒತ್ತುತ್ತೇನೆ.

ಹಿಂಬದಿಯ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್‌ಗೆ ಈ ಗಲಾಟೆ ತಟ್ಟಲೇ ಇಲ್ಲ. ಈ ಎಂ5ನ ಲಾಕಿಂಗ್ ಡಿಫರೆನ್ಶಿಯಲ್ ಪೂರ್ತಿ ಯಾಂತ್ರಿಕ, ಯಾವ ಕಂಪ್ಯೂಟರನ್ನೂ ಕೇಳುವುದಿಲ್ಲ. ಹಾಗೆಯೇ ಉಳಿಸಿಕೊಂಡೆವು, 3.62 ರೇಶಿಯೋ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಅದಕ್ಕೆ ಬರುವ ಶಾಫ್ಟು 3.62 ಸುತ್ತು.

ಗೇರ್ ಲೆಕ್ಕ ಮೊದಲೇ ಕೂತು ಹಾಕಿದ್ದು ಒಳ್ಳೆಯದಾಯಿತು. ಟಿ-56 ಮ್ಯಾಗ್ನಮ್ ಎರಡು ಬಗೆಯಲ್ಲಿ ಸಿಗುತ್ತದೆ. ನಾನು ತೆಗೆದುಕೊಂಡದ್ದು ಹತ್ತಿರದ ಗೇರುಗಳದ್ದು: ಮೊದಲನೆಯದು 2.66, ಆರನೆಯದು 0.63 (ಸಂಖ್ಯೆ ಚಿಕ್ಕದಾದಷ್ಟೂ ಗೇರ್ ಉದ್ದ, ಅದೇ ವೇಗಕ್ಕೆ ಎಂಜಿನ್ ನಿಧಾನ). ಎಸ್‌ಎಂಜಿಯಲ್ಲಿ ಮೊದಲ ಗೇರ್ ಹೆಚ್ಚುಕಮ್ಮಿ 4 ಇತ್ತು. ಮೂರನೆಯದು 1.81. ನನ್ನ ಎರಡನೆಯದು 1.78. ಅಂದರೆ ಮೂಲ ಬಾಕ್ಸು ಇರುವವರು ಮೂರನೇ ಗೇರಿನಲ್ಲಿ ಇರುವ ಕಡೆ ನಾನು ಎರಡನೆಯದರಲ್ಲಿ ಇರುತ್ತೇನೆ. ವಿ10ಗೆ ಇಷ್ಟು ಉದ್ದದ ಮೊದಲ ಗೇರ್ ಕೊಟ್ಟಿದ್ದರೆ ಕ್ಲಚ್ ಅತ್ತುಬಿಡುತ್ತಿತ್ತು. ಇದು ಕೆಳಗಿನಿಂದಲೇ ಎಳೆಯುವ ಎಂಜಿನ್ ಆದ್ದರಿಂದ ನಡೆಯುತ್ತದೆ. ಹೆದ್ದಾರಿಯಲ್ಲಿ 100ರಲ್ಲಿ ಹೋಗುವಾಗ ಮುಳ್ಳು 1,800ಕ್ಕಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ. ಅದೇ ವೇಗಕ್ಕೆ ಹಳೆಯ ಏಳನೇ ಗೇರಿನಲ್ಲಿ ಸುಮಾರು 2,350.

ರಿವರ್ಸ್ ಗೇರಿನದು ಒಂದು ತಮಾಷೆ. ಕಾರು ಕೈಗೆ ಬಂದ ಮೊದಲ ವಾರ ರಿವರ್ಸ್ ಹಾಕಲು ಭುಜದ ಬಲವೆಲ್ಲ ಬೇಕಾಗುತ್ತಿತ್ತು. ಹೊಸ ಬಾಕ್ಸು, ಸಡಿಲವಾಗುತ್ತದೆ ಅಂದರು. ಆಗಲಿಲ್ಲ. ಈ ಬಾಕ್ಸಿನಲ್ಲಿ ಓಡುವಾಗ ತಪ್ಪಿ ರಿವರ್ಸಿಗೆ ಬೀಳದ ಹಾಗೆ ತಡೆಯುವ ಒಂದು ಸೊಲೆನಾಯ್ಡ್ ಇದೆ. ಅದಕ್ಕೆ ಕರೆಂಟ್ ಕೊಟ್ಟರೆ ಹಗುರವಾಗುತ್ತದೆ, ಕೊಡದಿದ್ದರೆ ಸ್ಪ್ರಿಂಗಿನ ಜೊತೆ ಕುಸ್ತಿ. ಅದರ ವೈರನ್ನು ಜೋಡಿಸಿರಲೇ ಇಲ್ಲ. ಬ್ರೇಕ್ ದೀಪದ ಸ್ವಿಚ್ಚಿಗೆ ಜೋಡಿಸಿದರು, ಇಪ್ಪತ್ತು ನಿಮಿಷದ ಕೆಲಸ. ಈಗ ಬ್ರೇಕ್ ತುಳಿದರೆ ಒಂದೇ ಬೆರಳಿಗೆ ಬೀಳುತ್ತದೆ.

ನಿಜವಾದ ಜಗಳ ನಡೆದದ್ದು ಕಂಪನದ ಮೇಲೆ. 95 ದಾಟಿದರೆ ಸೀಟಿನ ಕೆಳಗೆ ಗುಂಯ್ ಅನ್ನುವ ಒಂದು ಮೊರೆತ, 115ಕ್ಕೆ ಮಾಯ. "ಟೈರ್ ಬ್ಯಾಲೆನ್ಸ್ ಇರಬೇಕು ಸರ್" ಅಂದರು ಗ್ಯಾರೇಜಿನ ಮಾಲೀಕರು. ಮಾಡಿಸಿದೆ. ಹೋಗಲಿಲ್ಲ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಬ್ಯಾಲೆನ್ಸ್ ಮಾಡಿದರು, ಒಂದಲ್ಲ ಎರಡು ಸಲ. ಹೋಗಲಿಲ್ಲ. ಹೆದ್ದಾರಿಯಲ್ಲಿ ಕ್ಲಚ್ ತುಳಿದು ಎಂಜಿನ್ ಐಡಲ್‌ಗೆ ಬಿಟ್ಟು ಉರುಳಿಸಿ ನೋಡಿದೆ, ಮೊರೆತ ಹಾಗೇ ಇತ್ತು. ಅಲ್ಲಿಗೆ ಎಂಜಿನ್ ಮೇಲಿನ ಆರೋಪ ಬಿದ್ದುಹೋಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. 100ರ ವೇಗದಲ್ಲಿ ನನ್ನ ಹಿಂದಿನ ಚಕ್ರ ನಿಮಿಷಕ್ಕೆ ಸುಮಾರು 780 ಸುತ್ತುತ್ತದೆ, ಅಂದರೆ ಸೆಕೆಂಡಿಗೆ 13. ಟೈರ್ ದೋಷವಾದರೆ ಆ ಲಯದಲ್ಲಿ ಅಲುಗಬೇಕು, ಕೈಯಲ್ಲಿ ಎಣಿಸಬಹುದಾದ ನಡುಕ. ಶಾಫ್ಟು ಅದರ 3.62 ಪಟ್ಟು, ನಿಮಿಷಕ್ಕೆ 2,800, ಸೆಕೆಂಡಿಗೆ 47. ಶಾಫ್ಟಿನ ತೂಕದ ದೋಷವಾದರೆ 47ರಲ್ಲಿ ಮೊರೆಯಬೇಕು. ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸದ್ದಿನ ಆವರ್ತನ ತೋರಿಸುವ ಆ್ಯಪನ್ನು ಅವನ ಫೋನಿನಲ್ಲಿ ಹಾಕಿಸಿ ಓಡಿಸಿದೆ. ಬಂದದ್ದು 94 ಹರ್ಟ್ಜ್. 47ರ ಎರಡರಷ್ಟು! ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ ಒದೆ ಬಿದ್ದರೆ ಅದು ತೂಕದ ತಪ್ಪಲ್ಲ, ಕೋನದ ತಪ್ಪು. ಶಾಫ್ಟಿನ ತುದಿಯ ಬಾಗುವ ಕೀಲು, ಯುನಿವರ್ಸಲ್ ಜಾಯಿಂಟ್, ಬಾಗಿ ತಿರುಗುವಾಗ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ಇಳಿಸುತ್ತದೆ. ಮುಂದಿನ ಜಾಯಿಂಟಿನ ಕೋನವೂ ಹಿಂದಿನದ್ದೂ ಸಮವಾಗಿದ್ದರೆ ಒಂದರ ತಪ್ಪನ್ನು ಇನ್ನೊಂದು ನುಂಗಿಕೊಳ್ಳುತ್ತದೆ. ಇಲ್ಲದಿದ್ದರೆ ಸೀಟಿನ ಕೆಳಗೆ ಸಂಗೀತ.

ಈ ಲೆಕ್ಕದ ಚೀಟಿ ಹಿಡಿದುಕೊಂಡು ಹೋದಾಗ ಮಾಲೀಕರು ಮೊದಲು ಮುಖ ಸಿಂಡರಿಸಿದರು. ಆಮೇಲೆ ಕೋನ ಅಳೆಯುವ ಉಪಕರಣ ತಂದು ಕಾರಿನ ಕೆಳಗೆ ಮಲಗಿದರು. ಎರಡು ಕೋನಗಳ ನಡುವೆ ಒಂದೂವರೆ ಡಿಗ್ರಿ ವ್ಯತ್ಯಾಸ. ಗೇರ್‌ಬಾಕ್ಸಿನ ಬಾಲ ಕೆಳಕ್ಕೆ ಜೋತಿತ್ತು. ಅದನ್ನು ಎತ್ತಲು ಎರಡು ಸೆಂಟಿಮೀಟರ್ ಜಾಗ ಬೇಕು, ಜಾಗಕ್ಕೆ ಗೇರ್‌ಬಾಕ್ಸಿನ ಮೇಲೆ ಉಬ್ಬಿರುವ ನೆಲ, ಅಂದರೆ ಟನಲ್ಲನ್ನು ಮತ್ತೆ ಕತ್ತರಿಸಿ ವೆಲ್ಡ್ ಮಾಡಬೇಕು. ಅಷ್ಟೂ ಮಾಡಿದರು, ಒಂದು ಪೈಸೆ ಹೆಚ್ಚು ಕೇಳಲಿಲ್ಲ. "ಇದನ್ನು ನಾವು ಮೊದಲ ದಿನವೇ ಅಳೆಯಬೇಕಿತ್ತು" ಅಂತ ಬಾಯಿಬಿಟ್ಟು ಹೇಳಿದರು. ತಪ್ಪಿಗೆ ನಾನು ಅಂಕ ಕಳೆದಿದ್ದೆ, ಈ ಮಾತಿಗೆ ಅರ್ಧ ವಾಪಸ್ ಕೊಟ್ಟೆ. ಅರ್ಧ ಮಾತ್ರ, ಯಾಕೆಂದರೆ ಎರಡು ತಿಂಗಳು ಟೈರಿನ ಕಡೆಯೇ ಬೆರಳು ತೋರಿಸುತ್ತಿದ್ದರು.

ಇಂಥ ಕೆಲಸ ಮಾಡಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಎಂಜಿನ್ ಕೂರಿಸುವ ದಿನ ಹೋಗಿ ನಿಂತು ಕೋನ ಅಳೆಸಿ, ಬರೆಸಿಕೊಳ್ಳಿ. ಆಯಿಲ್ ಪಿಕಪ್ ಪೈಪಿನ ಓ-ರಿಂಗ್ ಹೊಸದು ಹಾಕಿಸಿ. ಸಂಪ್ (ಎಂಜಿನ್ ತಳದ ಎಣ್ಣೆಯ ತಟ್ಟೆ) ಹೇಗೂ ಬಿಚ್ಚುತ್ತಾರೆ, ಮುಂದಿನ ಸಬ್‌ಫ್ರೇಮಿಗೆ ತಾಗದ ಹಾಗೆ ಬೇರೆ ಆಕಾರದ್ದು ಬೇಕೇ ಬೇಕು. ಆ ರಿಂಗು ಸೆಟೆದಿದ್ದರೆ ಪಂಪು ಎಣ್ಣೆಯ ಜೊತೆ ಗಾಳಿ ಹೀರುತ್ತದೆ. ಹೆಡ್ಡಿನಿಂದ ಬರುವ ಹಬೆಯ ಪೈಪನ್ನು ಮುಚ್ಚಿಬಿಡಲು ಬಿಡಬೇಡಿ, ಅದು ಕೂಲಿಂಗ್ ವ್ಯವಸ್ಥೆಯ ಎತ್ತರದ ಜಾಗಕ್ಕೆ ಹೋಗಬೇಕು. ಇವೆರಡನ್ನೂ ನನ್ನ ಗ್ಯಾರೇಜಿನವರು ಹೇಳಿಸಿಕೊಳ್ಳದೆ ಮಾಡಿದ್ದರು. ಎಂಜಿನ್ ಬದಲಿಸಿದ ಗಾಡಿಯ ನೋಂದಣಿ ನಿಯಮ ಒಂದೊಂದು ಕಡೆ ಒಂದೊಂದು ಥರ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಓಡಿಸಲು ಹೇಗಿದೆ? ಗೆಳೆಯನ ಹತ್ತಿರ ಮೂಲ ವಿ10 ಇರುವ ಇದೇ ಕಾರಿದೆ. ಎರಡನ್ನೂ ಒಂದೇ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದೆವು, ಟ್ಯಾಂಕ್ ತುಂಬಿಸಿ. ನನ್ನದು ಮುಂದಿನ ಚಕ್ರಗಳ ಮೇಲೆ 40 ಕೆಜಿ ಕಡಿಮೆ. ತಿರುವಿಗೆ ಮೂಗು ಬೇಗ ತಿರುಗುತ್ತದೆ ಅಂತ ಅನಿಸುವುದು ಬರೀ ಭ್ರಮೆಯಲ್ಲ. ಪೇಟೆಯ ಟ್ರಾಫಿಕ್ಕಿನಲ್ಲಿ ನನ್ನದು ಆರಾಮ, ಎರಡನೇ ಗೇರಿನಲ್ಲಿ ನಡೆದಾಡುತ್ತದೆ. ಅವನದು ಎಸ್‌ಎಂಜಿಯ ಜರ್ಕಿಗೆ ತಲೆ ಆಡಿಸುತ್ತಾ ಬರುತ್ತದೆ.

ಆದರೆ ಖಾಲಿ ರಸ್ತೆಯಲ್ಲಿ ಅವನು ಅದನ್ನು 8,000ಕ್ಕೆ ಎಳೆದಾಗ ಬರುವ ಕೂಗಿದೆಯಲ್ಲ, ಹತ್ತು ಥ್ರಾಟಲ್ ಒಟ್ಟಿಗೆ ಬಾಯಿ ತೆರೆದ ಕೂಗು, ಅದು ನನ್ನ ಹತ್ತಿರ ಇಲ್ಲ. ನನ್ನದು ಗುಡುಗುತ್ತದೆ, 6,600ಕ್ಕೆ ಮುಗಿಯುತ್ತದೆ. ಮೊದಲ ಆರು ತಿಂಗಳು ನನ್ನದೇ ಮೇಲು ಅಂತ ವಾದಿಸುತ್ತಿದ್ದೆ. ಈಗ ಅವನು ಪಕ್ಕದಲ್ಲಿ ಬಂದರೆ ಕಿಟಕಿ ಇಳಿಸಿ ಸುಮ್ಮನೆ ಕೇಳುತ್ತೇನೆ.

ಗ್ಯಾರೇಜಿಗೆ ಐದಕ್ಕೆ ನಾಲ್ಕು. ಕೈಯಲ್ಲಿ ಬರೆದ ವೈರಿಂಗ್ ನಕ್ಷೆ, ಪ್ರತಿ ಫ್ಯೂಸಿನ ಪಟ್ಟಿ, ಕತ್ತರಿಸಿದ ಪ್ರತಿ ಜಾಗದ ಫೋಟೋ ಒಂದು ಫೈಲಿನಲ್ಲಿ ಹಾಕಿ ಕೊಟ್ಟಿದ್ದಾರೆ, ನಾಳೆ ಬೇರೆ ಯಾರೇ ಮುಟ್ಟಿದರೂ ಕತ್ತಲಲ್ಲಿ ತಡಕಾಡಬೇಕಿಲ್ಲ. ಇನ್ನೊಂದು ಅಂಕ ಕಳೆದದ್ದು ಆ ಕಂಪನಕ್ಕೆ, ತಡವಾದ ತಿಂಗಳುಗಳಿಗೆ, ಮತ್ತೆ ಕಾರಿನ ಹೊಟ್ಟೆಯ ಪ್ಲಾಸ್ಟಿಕ್ ಕವರಿನ ನಾಲ್ಕು ಕ್ಲಿಪ್ಪಿಗೆ. ಕವರು ಈಗಲೂ ಝಿಪ್ ಟೈ ಮೇಲೆ ನಿಂತಿದೆ. ಕೇಳಿದಾಗಲೆಲ್ಲ "ಆರ್ಡರ್ ಹಾಕಿದ್ದೇವೆ ಸರ್" ಅನ್ನುತ್ತಾರೆ. ಬರುವ ವಾರ ಡಿಫರೆನ್ಶಿಯಲ್ ಆಯಿಲ್ ಬದಲಿಸಲು ಅಲ್ಲಿಗೇ ಹೋಗುತ್ತಿದ್ದೇನೆ, ಈ ಸಲ ಕ್ಲಿಪ್ ನಾನೇ ಕೊಂಡು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.